ಛೀ ಅನ್ನದ ಶನಿವಾರ

ಗುಳೇದಗುಡ್ಡದ ಈ ಓಣಿಯಲ್ಲಿ
ಲಾಳಿಯ ಸಪ್ಪಳದ ಮೇಲೆಯೇ ಪಾಠ ಹೇಳಬೇಕು.
ಶನಿವಾರ ಮಾತ್ರ ಪುಸ್ತಕ ಇಲ್ಲ.
ಬಿಸಿಯೂಟದ ಕೋಣೆಯಿಂದ ಎರಡು ಡಜನ್ ಚಮಚ,
ಕೈ ಒರೆಸಲು ಯಾರದೋ ಮನೆಯ ಖಣದ ತುಂಡು.

ನಿಯಮ ಒಂದೇ, ಕರಿಹಲಗೆಯ ಮೂಲೆಯಲ್ಲಿ
ಯಾರೂ ಅಳಿಸದೆ ಬಿಟ್ಟದ್ದು:
ಉಗುಳಬಹುದು. ಛೀ ಅನ್ನಬಾರದು.
ಛೀ ಎನ್ನುವ ಬದಲು ಒಂದು ಮಾತು ಕೊಡಬೇಕು,
ನಾಲಿಗೆಗೆ ಏನಾಯಿತೋ ಅದರ ಮಾತು.

ಮೊದಲ ವಾರ ನನ್ನೂರನ್ನೇ ಹೊತ್ತು ತಂದಿದ್ದೆ,
ಚಾಮರಾಜನಗರದ ಕಡೆಯ ರಾಗಿಮುದ್ದೆ.
ಜೋಳದ ರೊಟ್ಟಿಯ ಮಕ್ಕಳು ಸುತ್ತ ಕೂತು ನೋಡಿದರು
ಸತ್ತದ್ದೋ ಬದುಕಿದ್ದೋ ಎಂಬಂತೆ.
"ಅಗೀಬಾರದಂತಲೇ, ನುಂಗಬೇಕಂತ!"
ಮೌನೇಶ ಬೆರಳಲ್ಲಿ ಒತ್ತಿ, "ಅಕ್ಕೋರ,
ನಮ್ಮಪ್ಪನ ಮಗ್ಗಕ್ಕ ಕಟ್ಟೂ ಕಲ್ಲು ಇದು" ಎಂದ.
ನುಂಗಿದ. ಕಣ್ಣು ಅಗಲ ಮಾಡಿ ಹೊಟ್ಟೆ ಮುಟ್ಟಿಕೊಂಡ:
"ಇಳಿದ ಸಪ್ಪಳ ಬಂತ್ರಿ."
ಅದೇ ನಮ್ಮ ಮೊದಲ ಮಾತು.

ಆಮೇಲೆ ಮಾತಿಗೆ ಬರವಿಲ್ಲ.
ಬೀಟ್‌ರೂಟಿಗೆ: ಬಣ್ಣದ ಕಡಾಯಿ ತೊಳದ ನೀರು, ಸಕ್ಕರಿ ಬಿದ್ದದ್ದು.
ನುಗ್ಗೆಸೊಪ್ಪಿಗೆ: ಹಸರ ಪೆನ್ಸಿಲ್ ಕಚ್ಚಿದಂಗ.
ನವಣೆ ಅನ್ನಕ್ಕೆ: ಬಾಯಾಗ ಇರಿವಿ ಮೆರವಣಿಗಿ.
ಹಾಗಲಕಾಯಿಗೆ ಮಕ್ತುಂಬಿ ಬಹಳ ಹೊತ್ತು ಕಣ್ಣು ಮುಚ್ಚಿ,
"ನಮ್ಮ ಅಬ್ಬಾ ಮೊದಲ ಬೈದು, ಆಮ್ಯಾಲ ಐದು ರೂಪಾಯಿ ಕೊಟ್ಟಂಗ."
ಹಕ್ಕರಕಿಯ ಹಸಿ ಎಲೆಗೆ ಯಾರೋ "ಆಡು ಆದಂಗ" ಎಂದರು,
ಇಡೀ ತರಗತಿ ಬ್ಯಾ ಎಂದಿತು,
ಹೆಡ್‌ಮಾಸ್ತರರು ಕಿಟಕಿಯಲ್ಲಿ ಇಣುಕಿ ಹೋದರು.

ಇದನ್ನೆಲ್ಲ ಹಲಗೆಯ ಮೇಲೆ ಬರೆಯುವವಳು ಶಾಕಂಬರಿ.
ಹೆಸರು ಕಾಯಿಪಲ್ಲೆಯ ತಾಯಿಯದು,
ಹುಡುಗಿ ಮಾತ್ರ ಅವಲಕ್ಕಿಯ ಕರಿಬೇವನ್ನೂ
ಉಗುರಲ್ಲಿ ಹಿಡಿದು ಬದಿಗಿಡುವವಳು.
ಬಾಯಿ ಮುಚ್ಚಿಕೊಂಡೇ ಎಂಟು ಶನಿವಾರ,
ದುಂಡಗಿನ ಅಕ್ಷರ, ಸುಣ್ಣದ ಬೆರಳು.
ನಾನು ಒತ್ತಾಯ ಮಾಡಲಿಲ್ಲ.
ಒತ್ತಾಯದ ತುತ್ತು ನನಗೂ ಗೊತ್ತು:
ಮೂಗು ಹಿಡಿದು ತುರುಕಿದ ಬದನೆಕಾಯಿ
ಮೂವತ್ತು ವರ್ಷವಾದರೂ ಗಂಟಲಲ್ಲೇ ಇದೆ.

ಒಂಬತ್ತನೆಯ ವಾರ, ಎಳ್ಳಮಾವಾಸ್ಯೆಯ ಮರುದಿನ,
ಅಡುಗೆಯ ಹುಲಿಗೆವ್ವ ಸೆರಗಿನಡಿ ಗಡಿಗೆ ತಂದಳು.
"ಎಲ್ಲಾ ನೀವ ತರತೀರಿ, ಇವತ್ತ ನಂದು."
ಕರಿಂಡಿ. ಅಗಸಿ, ಹಸಿಮೆಣಸು, ಗಜ್ಜರಿ, ಸವತಿ
ನಾಲ್ಕು ದಿನ ಕತ್ತಲಲ್ಲಿ ಕೂತು ಸಿಟ್ಟಾದದ್ದು.
ಮುಚ್ಚಳ ತೆಗೆದಳು.
ಆ ಘಾಟು ಮೂಗಿಗಲ್ಲ, ನೇರ ಹಣೆಗೇ ಬಡಿಯಿತು.

ನನ್ನ ತುಟಿ ಆಗಲೇ ಆ ಅಕ್ಷರದ ಆಕಾರಕ್ಕೆ ಬಂದಿತ್ತು,
ದೀರ್ಘ ಎಳೆಯುವುದೊಂದೇ ಬಾಕಿ.
ಇಪ್ಪತ್ತಮೂರು ಜೊತೆ ಕಣ್ಣು.
ಹಲಗೆಯ ಬಳಿಯಿಂದ ಒಂದು ಸಣ್ಣ ದನಿ:
"ಉಗುಳಬಹುದ್ರೀ ಅಕ್ಕೋರ."

ಚಮಚದ ತುದಿಯಷ್ಟು ತೆಗೆದುಕೊಂಡೆ. ಕಣ್ಣಲ್ಲಿ ನೀರು.
"ಮಾತು, ಅಕ್ಕೋರ, ಮಾತು!"
ಬಾಯಿ ತೆರೆದರೆ ಬರೀ ಗಾಳಿ.
ಇಷ್ಟು ವರ್ಷ ಕಲಿಸಿದ ಕನ್ನಡದಲ್ಲಿ
ಒಂದು ಪದವೂ ಕೂಗಿದರೆ ಓಗೊಡಲಿಲ್ಲ.

ಆಗ ಅವಳು ಸೀಮೆಸುಣ್ಣ ಇಟ್ಟಳು,
ಲಂಗಕ್ಕೆ ಬೆರಳು ಒರೆಸಿದಳು,
ನನ್ನ ಪರವಾಗಿ ಸಾಕ್ಷಿ ಹೇಳಲು ಬಂದವಳಂತೆ
ಗಡಿಗೆಯ ಮುಂದೆ ನಿಂತಳು.
ನಾಲಿಗೆಯ ತುದಿಗೆ ಒಂದು ಸಾಸಿವೆಯಷ್ಟು.

ಉಗುಳಿದಳು.
ನಳದ ಹತ್ತಿರ ಓಡಿ, ಮೂರು ಸಲ ಮುಕ್ಕಳಿಸಿ.
ಯಾರೂ ನಗಲಿಲ್ಲ; ನಿಯಮದಲ್ಲಿ ಇತ್ತಲ್ಲ.
ಓಣಿಯಲ್ಲಿ ಲಾಳಿ ಅತ್ತಿಂದಿತ್ತ, ಅತ್ತಿಂದಿತ್ತ.
ಒದ್ದೆ ಗಲ್ಲದಲ್ಲೇ ಬಂದು ಸೀಮೆಸುಣ್ಣ ಹಿಡಿದು
ಕರಿಂಡಿ ಎಂದು ಬರೆದಳು, ಮುಂದೆ ಎರಡು ಚುಕ್ಕೆ.
ಕೈ ಅಲ್ಲೇ ನಿಂತಿತು.

"ಮಾತು ಸಿಗವಲ್ದು" ಎಂದಳು ಹಲಗೆಗೆ,
ಆಮೇಲೆ ಹುಲಿಗೆವ್ವನಿಗೆ, ಅಂಗೈ ಚಾಚಿ:
"ಇನ್ನೊಂದೀಟ ಕೊಡ ಆಯಿ, ನೋಡೂನು."