ಆರೋ, ಒಂಬತ್ತೋ

ಕೊವೆಂಟ್ರಿಯ ಕಾಲುವೆ ಬದಿ, ತಗಡಿನ ಶೆಡ್ಡು.
ಮಾರ್ಚಿನ ಚಳಿ ಸಿಮೆಂಟಿನಿಂದೆದ್ದು ಬೆನ್ನಿಗಂಟುತ್ತದೆ.
ಅರವತ್ತೆರಡರ ಕಾರು, ಎರಡೇ ಸೀಟು, ಮಾಸಿದ ಕೆಂಪು,
ನಾಲ್ಕು ಮುಕ್ಕಾಲಿಗಳ ಮೇಲೆ ಎತ್ತಿ ನಿಲ್ಲಿಸಿದ್ದೇನೆ.
ಅಡಿಯಲ್ಲಿ ನಾನು, ಹಲಗೆಯ ಮೇಲೆ ಅಂಗಾತ,
ಹಲ್ಲಿನಲ್ಲಿ ಟಾರ್ಚು.

ಕೊಳ್ಳಬಂದವನ ಬೂಟು ಮಾತ್ರ ಕಾಣುತ್ತದೆ.
ಹ್ಯಾರೊಗೇಟಿನ ಥ್ಯಾಕ್ರೆ. ಕೈಯಲ್ಲಿ
ಕಾರ್ಖಾನೆ ದಫ್ತರದ ನಕಲು, ಮೊಹರು ಸಮೇತ.
"ಇಂಜಿನ್ ತಾಳೆಯಾಯಿತು, ಬಾಡಿ ತಾಳೆಯಾಯಿತು,
ಗೇರ್‌ಬಾಕ್ಸೊಂದು ಹೇಳಿಬಿಡಿ."
ಜಾತಕ ಹಿಡಿದು ಬಂದವನ ಅವಸರ:
ಮೂವತ್ತಾರರಲ್ಲಿ ಮೂವತ್ತೈದು ಕೂಡಿದೆಯಲ್ಲ!

ಅವಸರ ಸಲ್ಲದು. ಅರವತ್ತು ವರ್ಷದ ಜಿಡ್ಡು
ಒಲೆ ಹಿಂದಿನ ಗೋಡೆಯ ಮಸಿಯಷ್ಟು ಹಠಮಾರಿ.
ಸೀಮೆಎಣ್ಣೆ, ಹಳೇ ಬನಿಯನ್ನು, ಹಿತ್ತಾಳೆ ಬ್ರಷ್ಷು.
ಉಕ್ಕಿನದು ಬೇಡ, ಕೊಳೆಯ ಜೊತೆ ಗುರುತನ್ನೂ ತಿನ್ನುತ್ತದೆ.
ಮೊದಲು ಸಿಗುವುದು ಉಬ್ಬಿದ ಅಂಕಿ. ಅದು ಎರಕದ್ದು,
ಅಚ್ಚಿನಿಂದ ಬಂದದ್ದು, ಸಾವಿರ ತಮ್ಮಂದಿರಿಗೂ ಅದೇ,
ಮನೆತನದ ಹೆಸರು ಅನ್ನಿ.
ಬೇಕಾದ್ದು ತಗ್ಗಿನದು. ಯಾರೋ ಒಬ್ಬ
ಒಂದೊಂದೇ ಮೊಳೆಯಿಟ್ಟು, ಒಂದೊಂದೇ ಏಟು ಹಾಕಿ
ಇದಕ್ಕೆಂದೇ ಕೊಟ್ಟ ಹೆಸರು.

ಬಳಪ ಅರೆದು ಬೆರಳಲ್ಲಿ ತಿಕ್ಕಿದೆ.
ತುಮಕೂರಿನ ಗಡಿಯಾರದ ಕಾರ್ಖಾನೆಯಲ್ಲಿ
ಕಣ್ಣಿಗೆ ಕಚ್ಚಿಸಿಕೊಂಡಿದ್ದ ಮಸೂರ ಇನ್ನೂ ನನ್ನ ಬಳಿಯಿದೆ.
ನಾಲ್ಕು, ಒಂದು, ಎಂಟು, ಸೊನ್ನೆ. ಸರಿ, ಸರಿ.
ಕೊನೆಯದು ದಫ್ತರದಲ್ಲಿ ಆರು.
ಲೋಹದಲ್ಲಿ ಒಂಬತ್ತು.

ಬೂಟು ಒಂದು ಹೆಜ್ಜೆ ಹಿಂದೆ ಸರಿಯಿತು.
"ಹಾಗಾದರೆ ಬೇರೆ ಯಾವುದೋ ಕಾರಿನದು."
ಐದು ಸಾವಿರ ಪೌಂಡು ಆ ಒಂದು ಸುಳಿಯಲ್ಲಿ ಜಾರಿಹೋಯಿತು.
ನಾನೇನು ಹೇಳಲಿ. ಸ್ಲೇಟಿನಲ್ಲಿ ಕಲಿತ ಕನ್ನಡದಲ್ಲೂ
ಆರಕ್ಕೂ ಒಂಬತ್ತಕ್ಕೂ ಬಾಲದ ತುದಿಯ ಕೊಂಕೇ ವ್ಯತ್ಯಾಸ,
ಮೇಷ್ಟ್ರು ಗೆಣ್ಣಿಗೆ ಕೊಟ್ಟ ಏಟೇ ವ್ಯತ್ಯಾಸ.
ಆದರೆ ಮಸೂರದಲ್ಲಿ ಇನ್ನೊಂದು ಕಂಡಿತ್ತು:
ಉಳಿದವು ಕೂತ ಗೆರೆಗಿಂತ ಇದು ಕೂದಲಷ್ಟು ಮೇಲೆ.
ಅರದಿಂದ ಉಜ್ಜಿದ ಗೀರಿಲ್ಲ. ಖೋಟಾ ಮಾಡುವವನು
ಇಷ್ಟು ಸೊಟ್ಟಗೆ ಹೊಡೆಯುವುದಿಲ್ಲ;
ಅವನಿಗೆ ಹೆದರಿಕೆಯಿರುತ್ತದೆ.

ಎರಡು ಬೀದಿಯಾಚೆಯಿಂದ ಹಿಪ್ಕಿಸ್ ಅವರನ್ನು ಕರೆಸಿದೆ.
ಎಂಬತ್ತೇಳು ವಯಸ್ಸು; ಗೇರ್‌ಬಾಕ್ಸ್ ಸಾಲಿನಲ್ಲಿ ಹದಿನೆಂಟು ವರ್ಷ.
ಕೆಳಗೆ ನುಸುಳಲಾರರು. ಮಧ್ಯದ ಮುಚ್ಚಳ ತೆಗೆದೆ,
ಸೀಟಿನಲ್ಲಿ ಕೂತೇ ಕೈಯಿಳಿಸಿದರು, ಬಾವಿಗೆ ಬಿದ್ದ ಕೊಡ ಹುಡುಕುವ ಹಾಗೆ.
ಹೆಬ್ಬೆರಳು ಅಂಕಿಯಿಂದ ಅಂಕಿಗೆ ನಡೆದು
ಕೊನೆಯದರಲ್ಲಿ ನಿಂತಿತು.
ನಕ್ಕರು. ಹಲ್ಲಿನ ಸೆಟ್ಟು ಸಡಿಲ.
"ನಂದೇ ಇದು. ಶುಕ್ರವಾರ, ಗಂಟೆ ಹೊಡೆದಾಗಿತ್ತು.
ಮೊಳೆ ತಲೆಕೆಳಗೆ ಹಿಡಿದುಬಿಟ್ಟೆ.
ಮೇಸ್ತ್ರಿ ನೋಡಿ ಅಂದ, ಬಿಡು ಮಾರಾಯ,
ಇದನ್ನ ಯಾರು ನೋಡ್ತಾರೆ?"

ಥ್ಯಾಕ್ರೆಗೆ ಪುರಾವೆ ಬೇಕು. ನ್ಯಾಯವೇ.
ಅಲ್ಯೂಮಿನಿಯಂ ತುಂಡು ಕೊಟ್ಟೆ, ಆರರ ಮೊಳೆ, ಸುತ್ತಿಗೆ.
ಕೈ ನಡುಗುತ್ತಿತ್ತು. ಮೊದಲ ಏಟು ಜಾರಿತು.
ಎರಡನೆಯದು ಅದರ ಮೇಲೇ ಬಿದ್ದು
ಆರೂ ಅಲ್ಲ, ಒಂಬತ್ತೂ ಅಲ್ಲ,
ತೂಕಡಿಸುವ ಒಂದು ಬಸವನಹುಳು.
ಯಾರೂ ಏನೂ ಅನ್ನಲಿಲ್ಲ.
ಕಾಲುವೆಯಲ್ಲಿ ದೋಣಿಯೊಂದು ಡಬಡಬ ಹೋಯಿತು.

ಯೋಚಿಸಿ ಹೇಳುತ್ತೇನೆಂದು ಥ್ಯಾಕ್ರೆ ಹೊರಟ.
ಚೀಟಿಯಲ್ಲಿ ನಾನು ಬರೆದದ್ದು ಇಷ್ಟು:
ಪೆಟ್ಟಿಗೆ ಮೂಲದ್ದು. ತಪ್ಪೂ ಮೂಲದ್ದೇ.
ಕೆಳಗೆ ಸಹಿ, ತಾರೀಕು.

ಹಿಪ್ಕಿಸ್ ಹೆಬ್ಬೆರಳ ಬಳಪವನ್ನು ಪ್ಯಾಂಟಿಗೆ ಒರೆಸಿಕೊಂಡರು.
"ಟೀ ಕೊಡ್ತೀಯೇನಮ್ಮ?"
ಸಕ್ಕರೆ ಎಷ್ಟು, ಅಂದೆ.
ಎರಡು, ಅಂದರು,
ಮೂರು ಬೆರಳೆತ್ತಿ.
ತಿದ್ದಲಿಲ್ಲ.
ಬೆರಳು ಎಣಿಸಿ ಹಾಕಿದೆ.