ಆರನೆಯ ದಿನದ ಲೆಕ್ಕ

ಪೈವಳಿಕೆ ದಾಟಿ, ಜೀಪು ಉಸಿರುಬಿಟ್ಟು ಹತ್ತುವ ಮುರಕಲ್ಲ ಗುಡ್ಡ.
ಶಾಲೆ ತೆರೆದು ಇಂದಿಗೆ ಆರನೆಯ ದಿನ.
ಇಂದು ಬೆಂಚಿನಲ್ಲಿ ಕೂತವರಷ್ಟೇ ಮಕ್ಕಳು;
ನಾಳೆ ಬಂದವರು ಬರಿಯ ಬಂದವರು.

ಒಂದರಲ್ಲಿ ಆರು, ಎರಡರಲ್ಲಿ ಹನ್ನೊಂದು,
ಮೂರರಲ್ಲಿ ಒಂಬತ್ತು, ನಾಲ್ಕರಲ್ಲಿ ಹದಿಮೂರು.
ಕೂಡಿಸಿದೆ. ಕೆಳಗಿಂದ ಮೇಲಕ್ಕೆ ಮತ್ತೆ ಕೂಡಿಸಿದೆ,
ಚಿಲ್ಲರೆ ಎಣಿಸುವ ಕಂಡಕ್ಟರನ ಹಾಗೆ.

ತಾಯಿನುಡಿ ಎಂಬ ಕಾಲಂ.
ಶಮ್ಮಾಸ್ ಅಳುವುದು ಬ್ಯಾರಿಯಲ್ಲಿ,
ಪ್ರಣಮ್ಯ ಚಾಡಿ ಹೇಳುವುದು ತುಳುವಿನಲ್ಲಿ,
ಲವಿಟಾ ಕ್ರಾಸ್ತಾ ನಿದ್ದೆಯಲ್ಲಿ ಕೊಂಕಣಿಯಂತೆ, ಅವಳಮ್ಮನ ಮಾತು.
ಮರಾಟಿ ಮನೆಯ ಅವಳಿಗಳದ್ದು
ಅವರಿಬ್ಬರಿಗೇ ಗೊತ್ತು.
ಮಗ್ಗಿ ಮಾತ್ರ ಎಲ್ಲರದ್ದೂ ಕನ್ನಡ.
ಪರದೆಯ ಪಟ್ಟಿಯಲ್ಲಿ ನಾಲ್ಕು ಹೆಸರು, ಕೊನೆಗೆ ‘ಇತರೆ’.
ಇತರೆ: ಇಪ್ಪತ್ತೆಂಟು.
ನನ್ನ ಶಾಲೆಯಲ್ಲಿ ಇತರರೇ ಹೆಚ್ಚು.

ತರಗತಿಗೆ ಹದಿನೈದು ತುಂಬದ ಶಾಲೆಗೆ
ತಿರುವನಂತಪುರದ ಕಡತದಲ್ಲಿ ಒಂದು ಹೆಸರು:
ಆದಾಯವಿಲ್ಲದ್ದು.
ಹಿಂದಿದ್ದ ಹೆಡ್ಮಾಷ್ಟ್ರು ಗಲ್ಫಿಗೆ ಹೋದ ಮಕ್ಕಳ ಹೆಸರನ್ನೂ ಕೂಗಿ
ತಾವೇ ಮೆಲ್ಲಗೆ ‘ಹಾಜರ್’ ಅನ್ನುತ್ತಿದ್ದರಂತೆ.
ಕೇಳಿ ನಕ್ಕಿದ್ದೆ, ಸೇರಿದ ವರ್ಷ.

ಐತಪ್ಪನ ಮಗ ನಿಶಾಂತ ವಿಟ್ಲದ ಅತ್ತೆಮನೆಯಲ್ಲಿ.
ಮೊನ್ನೆಯಿಂದ ನಾಲ್ಕು ಸಲ ಫೋನು ಮಾಡಿದ್ದೆ.
ಹನ್ನೊಂದೂವರೆಗೆ ಬಂದ,
ಎರಡು ಬಸ್ಸು, ಒಂದು ರಾಜ್ಯ ದಾಟಿ,
ಬಾರು ಕಿತ್ತ ಚಪ್ಪಲಿ ಕೈಯಲ್ಲಿ ಹಿಡಿದು.
ನಾಲ್ಕರಲ್ಲಿ ಹದಿನಾಲ್ಕು.
‘ನಾನು ಸಾಕಾ ಟೀಚರ್?’ ಕೇಳಿದ.
ನೀರು ಕುಡಿ, ಅಂದೆ.

ಮಧ್ಯಾಹ್ನ ಉಮ್ಮಾಲಿಮ್ಮ ತೊಳೆದಿಟ್ಟ ತಟ್ಟೆ ನಲವತ್ತೊಂದು.
ಲೆಕ್ಕ ತಪ್ಪಿತಲ್ಲ, ಅಂದೆ.
ಅಕ್ಷರ ಬಾರದ ಅವಳು ಸೌಟಿನಲ್ಲೇ ತೋರಿಸಿದಳು:
ಅಕ್ಕನ ಬೆನ್ನು ಹಿಡಿದು ಬಂದ ಪೋರ,
ಅಂಗನವಾಡಿಗೆ ಕಣ್ಣು ತಪ್ಪಿಸಿ
ನಾಲ್ಕರ ಬಾಗಿಲಲ್ಲಿ ಕೂತಿದ್ದಾನೆ.
ವಯಸ್ಸು ನಾಲ್ಕು. ಮೂಗು ಸೋರುತ್ತಿದೆ.
ಬೆರಳು ‘ಹದಿನಾಲ್ಕ’ರ ಮೇಲೆ ಒಂದು ಗಳಿಗೆ ನಿಂತಿತು, ಸುಳ್ಳೇಕೆ.

ಹಾಗೇ ಕಳುಹಿಸಿದೆ.
ನೆಟ್‌ವರ್ಕಿನ ಚಕ್ರ ತಿರುಗುತ್ತ ತಿರುಗುತ್ತ ಅಲ್ಲೇ ನಿಂತಿದೆ.
ಒಳಗೆ ಮಗ್ಗಿ ನಡೆದಿದೆ.
ಎಲ್ಲರಿಗಿಂತ ಒಂದು ಹೆಜ್ಜೆ ಹಿಂದೆ, ಎಲ್ಲರಿಗಿಂತ ಜೋರಾಗಿ
ಬಾಗಿಲಿನ ಪೋರ:
ಮೂರು ನಾಲ್ಕಲ ಹದಿನೈದು.

ತಿದ್ದಬೇಕಿತ್ತು.