ತೊಂದರ

ಹನ್ನೆರಡು ವರ್ಷ ಹೊಲಿಗೆ ಮಿಷನ್ನಿನ ಮೇಲೆ
ನನ್ನ ಬಲಗೈ ಓಡಿದ ದೂರ ಲೆಕ್ಕ ಹಾಕಿದರೆ
ರಾಯದುರ್ಗದಿಂದ ಬಳ್ಳಾರಿಗೆ ಹೋಗಿ ಬಂದು
ಹೋಗಿ ಬಂದು
ದಾರದಲ್ಲೇ ಒಂದು ರೈಲುಹಳಿ ಆಗುತ್ತಿತ್ತು.

ಬೆನ್ನ ಹಿಂದೆ ಮೇಸ್ತ್ರಿ ಕೂಗುತ್ತಿದ್ದ, ತೊಂದರಗಾ, ತೊಂದರಗಾ.
ತೆಲುಗಲ್ಲಿ ತೊಂದರ ಅಂದರೆ ಅವಸರ.
ನಮ್ಮ ಮನೆಮಾತಲ್ಲಿ ಏನು ಅಂತ ನಿಮಗೆ ಗೊತ್ತು.

ಒಂದು ಬೆಳಗ್ಗೆ ಕೈಯೊಳಗೆ ಯಾರೋ ಕರೆಂಟು ತೆಗೆದರು.
ಲೋಟ ಬಿದ್ದದ್ದು ನೋಡಿದೆ,
ಬಿಟ್ಟದ್ದು ನಾನೇ ಅಂತ ಗೊತ್ತಾಗಲಿಲ್ಲ.

ಲಕ್ವ ಅಂದರು.
ಒಬ್ಬರು ಪಾರಿವಾಳದ ರಕ್ತ ಹಚ್ಚು ಅಂದರು,
ಒಬ್ಬರು ಹೋದ ಜನ್ಮದ್ದು ಅಂದರು.
ತಂಗಿಯ ಮಗ ಫೋನಿಗೆ ದಿನಕ್ಕೊಂದು ಸೂರ್ಯೋದಯ ಕಳಿಸಿದ,
ಕೆಳಗೆ ಬರೆದಿತ್ತು: ಸೋಲೇ ಗೆಲುವಿನ ಮೆಟ್ಟಿಲು.
ನಮ್ಮ ಬಚ್ಚಲಿಗೆ ಎರಡು ಮೆಟ್ಟಿಲಿವೆ.
ಅವನ್ನು ಇಳಿಯೋದು ಹೇಗೆ ಅಂತ ಯಾರೂ ಕಳಿಸಲಿಲ್ಲ.

ಏಳು ತಿಂಗಳಾದ ಮೇಲೆ ಯೂನಿಟ್ಟಿಗೆ ಹೋದೆ.
ಕಾಜಾ ಹೊಡೆಯುವ ಖಾಜಾ ಹುಸೇನಿ
ತನ್ನ ಸ್ಟೂಲು ಕೊಟ್ಟ. ಮಾತು ಕೊಡಲಿಲ್ಲ, ಒಳ್ಳೆಯದಾಯಿತು.
ಓನರ್ ರಾಮಾಂಜನೇಯಲು ಕೆಮ್ಮಿ ಹೇಳಿದರು,
"ಹೊಲಿಯೋದು ಆಗಲ್ಲಮ್ಮ. ಬಿಚ್ಚೋದು ಮಾಡ್ತೀಯಾ? ಅರ್ಧ ಕೂಲಿ."

ಬಿಚ್ಚೋದು ಅಂದರೆ
ಹೊಸ ಹುಡುಗಿಯರು ಕೆಡಿಸಿದ ಜೀನ್ಸು:
ತಲೆಕೆಳಗಾದ ಜಿಪ್ಪು, ಎರಡೂ ಎಡಗಾಲು,
ಬಾಯಿ ಹೊಲಿದುಹೋದ ಜೇಬು.
ಮೊಣಕಾಲಲ್ಲಿ ಪ್ಯಾಂಟು ಅವುಚಿ, ಎಡಗೈಯಲ್ಲಿ ಅರ್ಧ ಬ್ಲೇಡು.
ಮೊದಲ ವಾರ ದಾರಕ್ಕಿಂತ ಬಟ್ಟೆ ಕೊಯ್ದದ್ದು ಹೆಚ್ಚು,
ಬಟ್ಟೆಗಿಂತ ಬೆರಳು.
ಗಾಯದೊಳಗೆ ನೀಲಿ ಹೋಗಿ ಕೂತಿದೆ, ಹಚ್ಚೆಯ ಹಾಗೆ.

ಎಡಗೈ ಅಂದರೆ ತೊಳೆಯುವ ಕೈ,
ತಟ್ಟೆಯ ಹತ್ತಿರ ಸುಳಿಯಬಾರದ ಕೈ.
ನಲವತ್ತೊಂದು ವರ್ಷ ಪಕ್ಕದಲ್ಲೇ ಇತ್ತು,
ಒಂದು ದಿನ ಮಾತಾಡಿಸಿರಲಿಲ್ಲ.
ಅದಕ್ಕೆ ಅನ್ನ ಕಲಸಲು ಕಲಿಸಿದೆ.
ಮೊದಮೊದಲು ನಾಚಿತು.

ದಸರಾ ಕಳೆದ ಮೇಲೆ ವಾಪಸು ಬಂದ ಬೇಲು ಒಡೆದರು,
ಹಳೇ ಮಾಲು, ತೊಡೆಯ ಹೊಲಿಗೆ ಮುದುಡಿದೆ ಅಂತ ದೂರು.
ಮೊದಲನೇದನ್ನು ತಿರುವಿ ನೋಡಿದೆ.
ಕೊನೆಯಲ್ಲಿ ಮೂರು ಸಲ ಹಿಂದಕ್ಕೆ ಹೊಡೆದು ಕತ್ತರಿಸಿದ್ದು.
ಈ ಯೂನಿಟ್ಟಲ್ಲಿ ಹಾಗೆ ಮುಗಿಸುತ್ತಿದ್ದವಳು ಒಬ್ಬಳೇ.

ಎಷ್ಟು ಬಿಗಿ!
ಬ್ಲೇಡಿನ ತುದಿ ತೂರಲು ಜಾಗವಿಲ್ಲ,
ಬಟ್ಟೆ ಉಸಿರು ಕಟ್ಟಿ ಕೂತ ಹಾಗೆ.
ಯಾರ ಮೇಲಿನ ಸಿಟ್ಟು ಅದು? ಯಾರ ಹಿಂದೆ ಓಡಿದ್ದೆ?
"ವನ್ನೂರಮ್ಮನ ಕೈ ನೋಡ್ರೇ" ಅಂತ ಹುಡುಗಿಯರಿಗೆ ತೋರಿಸುತ್ತಿದ್ದರು.
ಕೈಯನ್ನೇ ನೋಡಿದರು ಎಲ್ಲರೂ, ನಾನೂ.

ಒಂದು ತೊಡೆಗೆ ಅರ್ಧ ಗಂಟೆ.
ಬೆಟ್ಟದ ನೆರಳು ತಗಡಿನ ಮೇಲೆ ಬರುವ ತನಕ ಬಿಚ್ಚಿದೆ.
ನನ್ನದು ಅಂತ ಯಾರಿಗೂ ಹೇಳಲಿಲ್ಲ.
ಖಾಜಾನಿಗೆ ತಿಳಿಯಿತೋ ಏನೋ, ಟೀ ತರಿಸಿದ.

ಈಗ ಕೆಡಿಸಿದ ಹುಡುಗಿಯರು ತಾವಾಗಿ ಬಂದು ಕೂರುತ್ತಾರೆ.
ತಪ್ಪು ಕಂಡ ಕಡೆಯಲ್ಲಿ ತಪ್ಪು ಇರಲ್ಲ ಕಣವ್ವ,
ನಾಲ್ಕು ಬೆರಳು ಹಿಂದಿರುತ್ತೆ, ಅಲ್ಲಿಂದ ಬಿಚ್ಚು, ಅನ್ನುತ್ತೇನೆ.
ಎಲ್ಲರಿಗೂ ತಾಳ್ಮೆಯಿಲ್ಲ. ಕೆಲವರು ಕದ್ದು ಇಸ್ತ್ರಿ ಹಾಕುತ್ತಾರೆ.

ಬಲಗೈ ಇನ್ನೂ ಮಡಿಲಲ್ಲಿ ಬೆಕ್ಕಿನ ಹಾಗೆ ಮಲಗಿರುತ್ತೆ.
ರಾತ್ರಿ ಎಣ್ಣೆ ಹಚ್ಚಿ ಕರೆಯುತ್ತೇನೆ,
ಕಿರುಬೆರಳು ಒಮ್ಮೊಮ್ಮೆ ಹ್ಞೂ ಅನ್ನುತ್ತೆ,
ಒಮ್ಮೊಮ್ಮೆ ಇಲ್ಲ.

ಶನಿವಾರ ಬಟವಾಡೆ.
ಗುಮಾಸ್ತ ಇಂಕಿನ ಡಬ್ಬಿ ತಳ್ಳಿದ,
ಹೆಬ್ಬೆಟ್ಟು ಒತ್ತಿದರೆ ಸಾಕು ಅಂತ.
ನಾನು ಪೆನ್ನು ತಗೊಂಡೆ.
ಮೊದಲೆಲ್ಲ ಒಂದು ಗೀಟು ಗೀಚಿ ಓಡುತ್ತಿದ್ದೆ,
ಅದರಲ್ಲಿ ನನ್ನ ಹೆಸರಿನ ಒಂದಕ್ಷರವೂ ಇರುತ್ತಿರಲಿಲ್ಲ.
ಈಗ ವ.
ಆಮೇಲೆ ನೂ.
ಸಾಲಿನ ಹಿಂದಿನಿಂದ ಯಾರೋ ಅಂದರು,
ತೊಂದರಗಾ ಅಕ್ಕಾ, ತೊಂದರಗಾ.

ಇರಪ್ಪ,
ನೂ ಕೆಳಗೆ ಇನ್ನೊಂದು ನ ಇದೆ.